ಮುತ್ತಾತ ಯಾವ ಊರಿನವರು? ಇಂಗ್ಲೆಂಡಿನ ಚರ್ಚ್ ಪುಸ್ತಕಗಳಲ್ಲಿ ಬೇರು ಹುಡುಕುವುದು ಹೀಗೆ

ಹೋದ ಮಳೆಗಾಲದಲ್ಲಿ ಪಕ್ಕದ ಮನೆ ಆಂಟಿ ಒಂದು ತಗಡಿನ ಪೆಟ್ಟಿಗೆ ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. ಅವರದು ಬೆಂಗಳೂರಿನ ಆಂಗ್ಲೋ ಇಂಡಿಯನ್ ಮನೆತನ. ನಾಲ್ಕೈದು ತಲೆಮಾರಿನಿಂದ ದಂಡು ಪ್ರದೇಶದ ಸುತ್ತಮುತ್ತಲೇ ಇದ್ದಾರೆ. ಪೆಟ್ಟಿಗೆಯಲ್ಲಿ ಹಳೇ ಫೋಟೋಗಳು, ರೈಲ್ವೆ ಪಾಸು, ಒಂದು ಜಪಮಾಲೆ, ಅದರಡಿಯಲ್ಲಿ ನಾಲ್ಕಾಗಿ ಮಡಚಿದ ಒಂದು ಕಾಗದ. ಮಡಿಕೆ ಬಿದ್ದ ಕಡೆಯೆಲ್ಲ ಹರಿದಿತ್ತು. ಅದು ಅವರ ತಾತನ ದೀಕ್ಷಾಸ್ನಾನದ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ಶಾಸ್ತ್ರ) ಪತ್ರ, 1884ರದ್ದು.

"ಮೊಮ್ಮಗಳು ಕೇಳ್ತಿದ್ದಾಳೆ, ನಾವು ಎಲ್ಲಿಂದ ಬಂದೋರು ಅಂತ. ಇಂಗ್ಲೆಂಡ್ ಅಂತಷ್ಟೇ ಗೊತ್ತು ಮಗಾ. ಊರು ಯಾವುದು ಅಂತ ನಮ್ಮಪ್ಪನಿಗೂ ಗೊತ್ತಿರಲಿಲ್ಲ" ಅಂದರು.

ಈಚೆಗೆ ಇಂಥ ಪ್ರಶ್ನೆ ಜಾಸ್ತಿಯಾಗಿದೆ. ಹಳೇ ದಾಖಲೆಗಳ ಚಿತ್ರಗಳು ಫೋನಿನಲ್ಲೇ ಸಿಗುತ್ತವೆ. ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡವರು ಯಾರೋ ದೂರದ ನೆಂಟರ ಹೆಸರು ನೋಡಿ ಬೆರಗಾಗುತ್ತಾರೆ. ಅಜ್ಜ ಅಜ್ಜಿಯರಲ್ಲಿ ಒಬ್ಬರು ಬ್ರಿಟನ್ನಿನಲ್ಲಿ ಹುಟ್ಟಿದ್ದರೆ ಕಾಮನ್‌ವೆಲ್ತ್ ದೇಶದವರು ಕೇಳಬಹುದಾದ ಒಂದು ವೀಸಾ ಕೂಡ ಇದೆ. ಆಂಟಿಗೆ ವೀಸಾ ಬೇಕಿರಲಿಲ್ಲ, ಅವರ ವಿಷಯದಲ್ಲಿ ತಲೆಮಾರೂ ಹಿಂದಾಯಿತು. ಅವರಿಗೆ ಬೇಕಾಗಿದ್ದು ಒಂದು ಊರಿನ ಹೆಸರು. ಅದು ಸಿಗಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ನಾನು ಕಲಿತಿದ್ದನ್ನು ಮೊದಲಿನಿಂದ ಹೇಳುತ್ತೇನೆ.

ಪ್ಯಾರಿಷ್ ಅಂದರೆ

ಒಂದು ಚರ್ಚು ಮತ್ತು ಅದರ ವ್ಯಾಪ್ತಿಗೆ ಬರುವ ಮನೆಗಳು, ಹೊಲಗಳು, ಇಷ್ಟೂ ಸೇರಿದರೆ ಒಂದು ಪ್ಯಾರಿಷ್. ನಮ್ಮ ಕರಾವಳಿಯ ಕ್ಯಾಥೊಲಿಕರು ಇದನ್ನೇ ಧರ್ಮಕೇಂದ್ರ ಅನ್ನುತ್ತಾರೆ. ಹಳೇ ಇಂಗ್ಲೆಂಡಿನಲ್ಲಿ ಇಂಥ ಪ್ಯಾರಿಷ್‌ಗಳು ಹತ್ತು ಸಾವಿರಕ್ಕೂ ಜಾಸ್ತಿ ಇದ್ದವು. ಪ್ಯಾರಿಷ್ ಬರೀ ಪೂಜೆಯ ಜಾಗವಾಗಿರಲಿಲ್ಲ. ಬಡವರಿಗೆ ದುಡ್ಡು ಹಂಚುವುದು, ರಸ್ತೆ ನೋಡಿಕೊಳ್ಳುವುದು, ಗತಿಯಿಲ್ಲದ ಮಕ್ಕಳನ್ನು ಕೆಲಸ ಕಲಿಯಲು ಹಚ್ಚುವುದು ಕೂಡ ಅದರ ಹೊಣೆ. ನಮ್ಮ ಗ್ರಾಮ ಪಂಚಾಯಿತಿ, ನಾಡಕಚೇರಿ, ದೇವಸ್ಥಾನ ಮೂರೂ ಒಂದೇ ಕಡೆ ಇದ್ದ ಹಾಗೆ ಅಂದುಕೊಳ್ಳಿ.

ಅಲ್ಲಿ ಮೂರು ವಿಷಯಗಳನ್ನು ಬರೆದಿಡುತ್ತಿದ್ದರು. ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು ಮಾಡಿದ್ದು. ಇಲ್ಲಿ ಒಂದು ಸೂಕ್ಷ್ಮ ಇದೆ, ಎಲ್ಲರೂ ಮೊದಲಿಗೆ ಎಡವುವುದು ಇಲ್ಲೇ. ಅದು ಹುಟ್ಟಿದ ದಿನದ ದಾಖಲೆ ಅಲ್ಲ, ದೀಕ್ಷಾಸ್ನಾನದ ದಿನದ್ದು. ಸತ್ತ ದಿನದ್ದೂ ಅಲ್ಲ, ಹೂತ ದಿನದ್ದು. ಹೆಚ್ಚಿನ ಮಕ್ಕಳಿಗೆ ಹುಟ್ಟಿದ ಕೆಲವೇ ದಿನ, ವಾರಗಳಲ್ಲಿ ದೀಕ್ಷಾಸ್ನಾನ ಆಗುತ್ತಿತ್ತು, ಆದರೆ ಕೆಲವು ಮನೆಗಳಲ್ಲಿ ನಾಲ್ಕೈದು ಮಕ್ಕಳಿಗೆ ಒಂದೇ ದಿನ ಒಟ್ಟಿಗೆ ಮಾಡಿಸಿದ್ದೂ ಇದೆ.

1538ರ ಆಜ್ಞೆ ಮತ್ತು ಎರಡು ಬೀಗದ ಪೆಟ್ಟಿಗೆ

ಇದೆಲ್ಲ ಶುರುವಾಗಿದ್ದು 1538ರ ಸೆಪ್ಟೆಂಬರಿನಲ್ಲಿ. ಆಗ ಎಂಟನೇ ಹೆನ್ರಿ ರಾಜ. ಅವನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್ಷೂ ಒಂದು ಪುಸ್ತಕ ಇಡಬೇಕು ಅಂತ ಆಜ್ಞೆ ಹೊರಡಿಸಿದ. ಭಾನುವಾರದ ಪ್ರಾರ್ಥನೆ ಮುಗಿದ ಮೇಲೆ ಆ ವಾರದ್ದನ್ನೆಲ್ಲ ಪಾದ್ರಿ ಅದರಲ್ಲಿ ಬರೆಯಬೇಕು. ಪುಸ್ತಕವನ್ನು ಎರಡು ಬೀಗ ಇರುವ ಪೆಟ್ಟಿಗೆಯಲ್ಲಿ ಇಡಬೇಕು. ಒಂದು ಕೀಲಿ ಪಾದ್ರಿಯ ಹತ್ತಿರ, ಇನ್ನೊಂದು ಊರಿನ ಪರವಾಗಿ ಚರ್ಚಿನ ಉಸ್ತುವಾರಿ ನೋಡುವವರ ಹತ್ತಿರ. ಬರೆಯದೆ ಬಿಟ್ಟರೆ ದಂಡ. ಜನಕ್ಕೆ ಮಾತ್ರ ಭಯ. ಇದು ಹೊಸ ತೆರಿಗೆ ಹಾಕುವ ದಾರಿ ಅಂತಲೇ ಬಹಳ ಜನ ನಂಬಿದ್ದರು.

ಮೊದಲ ಅರವತ್ತು ವರ್ಷ ಅನೇಕ ಕಡೆ ಬರೆದಿದ್ದು ಕಾಗದದ ಮೇಲೆ. ಅದು ಹಾಳಾಗತೊಡಗಿತು. 1598ರ ಹೊತ್ತಿಗೆ ಹಳೆಯದನ್ನೆಲ್ಲ ಚರ್ಮದ ಹಾಳೆಗೆ ನಕಲು ಮಾಡಿ ಅಂತ ಆದೇಶ ಬಂತು. ಮುಖ್ಯವಾಗಿ ಒಂದನೇ ಎಲಿಜಬೆತ್ ಪಟ್ಟಕ್ಕೆ ಬಂದ 1558ರಿಂದ ಈಚಿನದನ್ನು ಮಾಡಿ ಅಂತಿತ್ತು. ಪಾದ್ರಿಗಳಿಗೂ ಕೈ ನೋಯುತ್ತದೆ ಅಲ್ವಾ. ಹಾಗಾಗಿ ಎಷ್ಟೋ ಊರುಗಳ ಪುಸ್ತಕ ಸರಿಯಾಗಿ 1558ರಿಂದಲೇ ಶುರುವಾಗುತ್ತದೆ, ಅದಕ್ಕೂ ಹಿಂದಿನ ಇಪ್ಪತ್ತು ವರ್ಷ ಹೋಗಿಬಿಟ್ಟಿತು. ಅದೇ ಆದೇಶದಲ್ಲಿ ಒಂದು ಒಳ್ಳೇ ಕೆಲಸವೂ ಆಯಿತು. ಆ ವರ್ಷ ಬರೆದಿದ್ದರ ಒಂದು ಪ್ರತಿಯನ್ನು ಪ್ರತಿ ವರ್ಷ ಬಿಷಪ್ಪರಿಗೆ ಕಳಿಸಬೇಕು ಅಂತ ಹೇಳಿದರು. ಊರಿನ ಪುಸ್ತಕ ಹುಳು ಹಿಡಿದೋ ನೆನೆದೋ ಹಾಳಾಗಿದ್ದರೆ ಇವತ್ತು ನಮ್ಮ ಕೈ ಹಿಡಿಯುವುದು ಈ ಬಿಷಪ್ಪರ ಪ್ರತಿಗಳೇ.

ಹಿಂದಕ್ಕೆ ನಡೆಯುವುದು

ಹುಡುಕುವವರು ಮಾಡುವ ಮೊದಲ ತಪ್ಪು ಮೇಲಿನಿಂದ ಕೆಳಗೆ ಬರಲು ನೋಡುವುದು. ನಮ್ಮ ಅಡ್ಡಹೆಸರಿನವನೊಬ್ಬ 1600ರಲ್ಲಿ ಇದ್ದ, ಅವನೇ ನಮ್ಮ ಮೂಲಪುರುಷ ಇರಬೇಕು ಅಂತ ಅವನನ್ನು ಹಿಡಿದುಕೊಂಡು ಕೂರುತ್ತಾರೆ. ಇದು ನಡೆಯುವುದಿಲ್ಲ. ಜಮೀನಿನ ಕಾಗದ ಹುಡುಕುವವರು ಹೇಗೆ ಇವತ್ತಿನ ಪಹಣಿ ಹಿಡಿದು, ಅದರ ಹಿಂದಿನ ಮ್ಯುಟೇಶನ್, ಅದರ ಹಿಂದಿನ ಕ್ರಯಪತ್ರ ಅಂತ ಒಂದೊಂದೇ ಮೆಟ್ಟಿಲು ಇಳಿಯುತ್ತಾರೋ, ಇದೂ ಹಾಗೆಯೇ. ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದವರಿಗೆ ಗೊತ್ತು, ಒಂದು ಕೊಂಡಿ ಬಿಟ್ಟರೂ ಅರ್ಜಿ ವಾಪಸ್.

ಆಂಟಿಯ ಮನೆಯಲ್ಲಿ ಮೆಟ್ಟಿಲು ಶುರುವಾಗಿದ್ದು ಬೆಂಗಳೂರಿನಲ್ಲಿ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ಪಡೆ 1809ರಲ್ಲಿ ಇಲ್ಲಿಗೆ ಬಂದು ದಂಡು ಕಟ್ಟಿದ ಮೇಲೆ, ಸೈನಿಕರು ಇಲ್ಲೇ ಮದುವೆಯಾದರು, ಇಲ್ಲೇ ಮಕ್ಕಳಾದವು, ಇಲ್ಲೇ ಮಣ್ಣಾದರು. ಅದನ್ನೆಲ್ಲ ಇಲ್ಲಿನ ಚರ್ಚುಗಳು ಬರೆದಿಟ್ಟವು. ಅಷ್ಟೇ ಅಲ್ಲ, ಅದರ ಪ್ರತಿ ಮದರಾಸಿಗೆ ಹೋಗಿ ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. 1698ರಿಂದ 1948ರವರೆಗಿನ ಮದರಾಸು ಪ್ರಾಂತ್ಯದ ಈ ಪ್ರತಿಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೆಂಗಳೂರು ದಂಡಿನವು ಇದರಲ್ಲೇ ಸೇರಿವೆ. ಅಂದರೆ ಬೆಂಗಳೂರಿನ ಚರ್ಚಿನ ಒಂದು ದೀಕ್ಷಾಸ್ನಾನವನ್ನು ಲಂಡನ್ನಿನ ಪ್ರತಿಯಲ್ಲೂ ನೋಡಬಹುದು. ಬ್ರಿಟಿಷ್ ಇಂಡಿಯಾದಲ್ಲಿದ್ದ ಮನೆತನಗಳ ಬಗ್ಗೆಯೇ ಕೆಲಸ ಮಾಡುವ ಫಿಬಿಸ್ ಅನ್ನುವ ಸಂಘ 1998ರಿಂದ ಇದೆ. ಸ್ವಯಂಸೇವಕರು ಬರೆದು ಸೇರಿಸಿದ ಅದರ ಹೆಸರುಪಟ್ಟಿಯನ್ನು ಯಾರು ಬೇಕಾದರೂ ದುಡ್ಡಿಲ್ಲದೆ ನೋಡಬಹುದು.

1884ರ ಆ ಕಾಗದದಲ್ಲಿ ತಾತನ ಹೆಸರು, ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು, ಅಪ್ಪನ ಕೆಲಸ ಇತ್ತು. ಕೆಲಸದ ಕಾಲಂನಲ್ಲಿ ದರ್ಜೆ, ರೆಜಿಮೆಂಟು ಎರಡೂ ಇದ್ದವು. ಮುತ್ತಾತ ಸೈನಿಕ. ಇದೊಂದು ಸಾಲು ಸಾಕಾಯಿತು. ಪಿಂಚಣಿ ಪಡೆದು ಬಿಡುಗಡೆಯಾದ ಬ್ರಿಟಿಷ್ ಸೈನಿಕರ ಕಾಗದಗಳು ಲಂಡನ್ನಿನ ಕ್ಯೂ ಅನ್ನುವ ಜಾಗದಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿವೆ. ಆ ಅಚ್ಚಿನ ಫಾರಂನಲ್ಲಿ ಒಂದು ವಾಕ್ಯ ಇರುತ್ತದೆ: ಇಂಥ ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ), ಇಂಥ ಪಟ್ಟಣದ ಹತ್ತಿರದ, ಇಂಥ ಪ್ಯಾರಿಷ್‌ನಲ್ಲಿ ಹುಟ್ಟಿದವನು. ಖಾಲಿ ಜಾಗದಲ್ಲಿ ಊರಿನ ಹೆಸರು ಶಾಯಿಯಲ್ಲಿ ತುಂಬಿರುತ್ತದೆ. ಜೊತೆಗೆ ಎತ್ತರ, ಕಣ್ಣಿನ ಬಣ್ಣ, ಕೂದಲಿನ ಬಣ್ಣ, ಮೈಮೇಲಿನ ಗಾಯದ ಗುರುತು. ಫೋಟೋನೇ ಇಲ್ಲದ ಮುತ್ತಾತನ ಕಣ್ಣು ಬೂದುಬಣ್ಣದವು ಅಂತ ಓದಿದಾಗ ಆಂಟಿ ಎದ್ದು ಹೋಗಿ ಕನ್ನಡಿ ನೋಡಿಕೊಂಡು ಬಂದರು.

ಎಲ್ಲ ಸೈನಿಕರಿಗೂ ಈ ಕಾಗದ ಸಿಗುವುದಿಲ್ಲ. ನೌಕರಿಯಲ್ಲಿದ್ದಾಗಲೇ ತೀರಿಕೊಂಡವರಿಗೆ ಪಿಂಚಣಿಯ ಕಾಗದ ಇರುವುದಿಲ್ಲ, ಅವರದನ್ನು ಬೇರೆ ಸಾಲಿನಲ್ಲಿ ಹುಡುಕಬೇಕು. ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ಸೈನ್ಯದವರ ಪಟ್ಟಿಗಳು ಬ್ರಿಟಿಷ್ ಲೈಬ್ರರಿಯಲ್ಲಿ ಬೇರೆಯಾಗಿವೆ.

ಊರು ಸಿಕ್ಕಿತು, ಆದರೆ ನಕ್ಷೆಯಲ್ಲಿ ಇಲ್ಲ

ಕಾಗದದಲ್ಲಿ ಕೌಂಟಿ ನಾರ್ಫೋಕ್ ಅಂತಿತ್ತು. ಇಂಗ್ಲೆಂಡಿನ ಪೂರ್ವ ಕರಾವಳಿ, ಗೋಧಿ ಬಾರ್ಲಿ ಬೆಳೆಯುವ ಸಪಾಟು ನೆಲ. ಆದರೆ ಬರೆದಿದ್ದ ಹೆಸರಿನ ಊರು ನಾರ್ಫೋಕ್‌ನ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ. ಎರಡು ವಾರ ಸುಮ್ನೆ ಹೋಯಿತು.

ಯೋಚನೆ ಮಾಡಿ. ಓದು ಬರಹ ಬಾರದ ಹಳ್ಳಿ ಹುಡುಗ ಸೈನ್ಯಕ್ಕೆ ಸೇರಲು ಹೋಗಿದ್ದಾನೆ. ಯಾವ ಊರು ಅಂತ ಗುಮಾಸ್ತ ಕೇಳುತ್ತಾನೆ. ಹುಡುಗ ತನ್ನ ಊರವರು ಹೇಳುವ ಹಾಗೆ ಹೇಳುತ್ತಾನೆ. ಬೇರೆ ಸೀಮೆಯ ಗುಮಾಸ್ತ ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಾನೆ. ನಾರ್ಫೋಕ್‌ನಲ್ಲಿ ಬರೆಯುವುದಕ್ಕೂ ಹೇಳುವುದಕ್ಕೂ ಇರುವ ದೂರ ದೊಡ್ಡದು. ಅಕ್ಷರ ನೋಡಿದರೆ ವೈಮಂಡ್‌ಹ್ಯಾಮ್ ಅನ್ನಬೇಕು, ಅಲ್ಲಿಯವರು ವಿಂಡಮ್ ಅನ್ನುತ್ತಾರೆ. ಹ್ಯಾಪಿಸ್‌ಬರ್ಗ್ ಅಂತ ಓದಿಸಿಕೊಳ್ಳುವ ಊರು ಹೇಜ್‌ಬರೊ. ಕಾಸ್ಟೆಸಿ ಅಂತ ಕಾಣುವುದು ಕಾಸಿ. ನಮಗೆ ಇದು ಹೊಸದೇನಲ್ಲ. ಮಡಿಕೇರಿಯನ್ನು ಮರ್ಕೇರಾ, ಹೊಸಪೇಟೆಯನ್ನು ಹಾಸ್ಪೆಟ್ ಅಂತ ಬರೆದ ಕಡತಗಳಲ್ಲಿ ಹುಡುಕಿದವರಿಗೆ ಈ ಕಷ್ಟ ಗೊತ್ತು.

ಇಂಥ ಜಾಗದಲ್ಲಿ ಕಂಪ್ಯೂಟರ್ ಕೈಕೊಡುತ್ತದೆ. ಊರಿನ ನಾಲಗೆ ಗೊತ್ತಿರುವವರೇ ಬೇಕು. ಅವರು ಸಿಗುವುದು ಸ್ಥಳೀಯ ಕುಟುಂಬ ಇತಿಹಾಸ ಸಂಘದಲ್ಲಿ. ನಾವು ಆ ಪದವನ್ನು ಇದ್ದ ಹಾಗೇ ಬರೆದು ಕಳಿಸಿದೆವು. ಮೂರನೇ ದಿನಕ್ಕೆ ಉತ್ತರ ಬಂತು. ಇದನ್ನು ಜೋರಾಗಿ ಓದಿ ನೋಡಿ, ನಮ್ಮಲ್ಲಿ ಹಾಗೆ ಕೇಳಿಸುವ ಊರು ಎರಡೇ, ಅದರಲ್ಲಿ ಒಂದರಲ್ಲಿ ಮಾತ್ರ ನಿಮ್ಮ ಅಡ್ಡಹೆಸರಿನವರು ಇದ್ದರು ಅಂತ. ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಆಂಟಿಯ ಮನೆ ವಿಷಯ.

ಈ ಸಂಘಗಳು ಏನು ಮಾಡುತ್ತವೆ

ಇವು ಸರ್ಕಾರದ ಕಚೇರಿಗಳಲ್ಲ. ಊರವರು, ನಿವೃತ್ತ ಮೇಷ್ಟ್ರುಗಳು, ತಮ್ಮ ಮನೆತನ ಹುಡುಕಲು ಬಂದು ಅಲ್ಲೇ ಉಳಿದವರು ಸೇರಿ ನಡೆಸುವ ಸಂಘಗಳು. ಸಣ್ಣದೊಂದು ವಾರ್ಷಿಕ ಚಂದಾ ಇರುತ್ತದೆ. ಇಂಗ್ಲೆಂಡಿನ ಹೆಚ್ಚಿನ ಕೌಂಟಿಗಳಲ್ಲಿ ಒಂದಾದರೂ ಇದೆ. 1974ರಲ್ಲಿ ಇವೆಲ್ಲ ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ನಾರ್ಫೋಕ್‌ನ ಸಂಘ ಅದಕ್ಕೂ ಹಳೆಯದು, 1968ರದ್ದು.

ಅವರ ದೊಡ್ಡ ಕೆಲಸ ಕಾಣದ ಕೆಲಸ. ಹಳೇ ಪುಸ್ತಕದ ಒಂದೊಂದು ಸಾಲನ್ನೂ ಓದಿ, ಬರೆದು, ಹೆಸರಿನ ಪ್ರಕಾರ ಪಟ್ಟಿ ಮಾಡುವುದು. ನಾರ್ಫೋಕ್ ಒಂದರಲ್ಲೇ ಮಧ್ಯಯುಗದ ಚರ್ಚುಗಳು ಆರುನೂರಕ್ಕೂ ಜಾಸ್ತಿ ಇವೆ. ಈ ಪಟ್ಟಿ ಇಲ್ಲದಿದ್ದರೆ ಯಾವ ಊರಿನ ಯಾವ ಪುಟ ಅಂತ ತಿಳಿಯದೆ ಜೀವಮಾನವೇ ಮುಗಿಯುತ್ತಿತ್ತು. ಇನ್ನೊಂದು ಕೆಲಸ ಸಮಾಧಿ ಕಲ್ಲುಗಳದ್ದು. ಚಳಿಯಲ್ಲಿ ಹೋಗಿ ಮೊಣಕಾಲೂರಿ ಕಲ್ಲಿನ ಮೇಲೆ ಪಾಚಿ ಹಿಡಿದ ಅಕ್ಷರ ಓದಿ ಬರೆದುಕೊಂಡು ಬರುತ್ತಾರೆ. ಮಳೆ ಗಾಳಿಗೆ ಕಲ್ಲು ಸವೆದು ಇವತ್ತು ಬರೀ ಹಲಗೆಯಾಗಿದ್ದರೂ, ನಲವತ್ತು ವರ್ಷದ ಹಿಂದೆ ಯಾರೋ ಬರೆದುಕೊಂಡಿದ್ದು ಉಳಿದಿರುತ್ತದೆ.

ಪ್ರತಿ ಸದಸ್ಯರೂ ತಾವು ಹುಡುಕುತ್ತಿರುವ ಅಡ್ಡಹೆಸರು, ಊರು, ಕಾಲ ಬರೆದುಕೊಡುವ ಒಂದು ಪಟ್ಟಿಯೂ ಇರುತ್ತದೆ. ಅದೇ ಹೆಸರು ಹುಡುಕುವ ಇನ್ನೊಬ್ಬರು ಆಸ್ಟ್ರೇಲಿಯಾದಲ್ಲೋ ಕೆನಡಾದಲ್ಲೋ ಇದ್ದರೆ ಇಬ್ಬರೂ ಅಲ್ಲಿ ಭೇಟಿಯಾಗುತ್ತಾರೆ. ದಾರಿ ತಪ್ಪಿದವರ ಪಟ್ಟಿ ಅಂತ ಇನ್ನೊಂದಿದೆ. ನಾರ್ಫೋಕ್‌ನವನೊಬ್ಬ ದೂರದ ಬೇರೆ ಕೌಂಟಿಯಲ್ಲಿ ಮದುವೆಯಾಗಿದ್ದರೆ, ಆ ಕೌಂಟಿಯ ಸಂಘದವರು ಅದನ್ನು ನೋಡಿದಾಗ ಇವನು ನಿಮ್ಮವನು ಅಂತ ನಾರ್ಫೋಕ್‌ಗೆ ತಿಳಿಸುತ್ತಾರೆ.

ಮೂಲ ಪುಸ್ತಕಗಳು ಈಗ ಚರ್ಚಿನಲ್ಲಿ ಇರುವುದು ಕಡಿಮೆ. 1978ರ ಒಂದು ಕಾನೂನಿನ ನಂತರ ನೂರು ವರ್ಷಕ್ಕೂ ಹಳೆಯವು ಸಾಮಾನ್ಯವಾಗಿ ಕೌಂಟಿಯ ದಾಖಲೆ ಭಂಡಾರಕ್ಕೆ ಬಂದಿವೆ. ನಾರ್ಫೋಕ್‌ನ ಭಂಡಾರ ನಾರಿಚ್ ನಗರದ ದೊಡ್ಡ ಗ್ರಂಥಾಲಯದ ನೆಲಮಾಳಿಗೆಯಲ್ಲಿತ್ತು. 1994ರ ಆಗಸ್ಟ್ 1ರ ಬೆಳಿಗ್ಗೆ ಆ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಮೇಲಿದ್ದ ಪುಸ್ತಕಗಳು ಬೂದಿಯಾದವು. ಕೆಳಗಿದ್ದ ದಾಖಲೆಗಳು ಬೆಂಕಿ ಆರಿಸಿದ ನೀರಿನಲ್ಲಿ ನೆನೆದರೂ ಹೆಚ್ಚಿನವು ಉಳಿದವು. ನಾನು ಫೋನಿನಲ್ಲಿ ಹಿಗ್ಗಿಸಿ ನೋಡುತ್ತಿದ್ದ ಪುಟ ಅಂಥದ್ದೊಂದು ಬೆಳಿಗ್ಗೆಯನ್ನು ದಾಟಿ ಬಂದದ್ದು ಅಂತ ತಿಳಿದ ಮೇಲೆ, ಅದನ್ನು ನೋಡುವ ಕಣ್ಣೇ ಬೇರೆಯಾಯಿತು.

ಪುಟದಲ್ಲಿ ಏನಿರುತ್ತದೆ

ಪುಸ್ತಕದ ನಮೂನೆ ಕಾಲಕಾಲಕ್ಕೆ ಬದಲಾಗಿದೆ. ಹಿಂದಕ್ಕೆ ಹೋದಷ್ಟೂ ವಿವರ ಕಡಿಮೆ.

1837ರ ಜುಲೈ 1ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರವೇ ಜನನ, ಮದುವೆ, ಮರಣ ನೋಂದಾಯಿಸಲು ಶುರುಮಾಡಿತು. ಅಲ್ಲಿಂದ ಈಚೆಗೆ ಮದುವೆಯ ದಾಖಲೆಯಲ್ಲಿ ಗಂಡು ಹೆಣ್ಣು ಇಬ್ಬರ ಅಪ್ಪಂದಿರ ಹೆಸರು, ಕೆಲಸ ಸಿಗುತ್ತದೆ. ಒಂದೇ ಕಾಗದಕ್ಕೆ ಇನ್ನೊಂದು ತಲೆಮಾರು. 1851ರ ಜನಗಣತಿಯಲ್ಲಿ ಪ್ರತಿಯೊಬ್ಬರೂ ಹುಟ್ಟಿದ ಊರು ಯಾವುದು ಅಂತ ಕೇಳಿ ಬರೆದರು. ಆಂಟಿಯ ಮುತ್ತಾತ ಅದರಲ್ಲಿ ಮೂರು ವರ್ಷದ ಮಗು. ಅಪ್ಪ ಹೊಲದ ಕೂಲಿ, ಮೂವತ್ತೈದು ವರ್ಷ, ಅದೇ ಊರಲ್ಲಿ ಹುಟ್ಟಿದವನು. ಹಾಗಾದರೆ ಅವನು ಹುಟ್ಟಿದ್ದು 1816ರ ಸುಮಾರಿಗೆ. ಅಲ್ಲಿಂದ ಹಿಂದೆ ಸರ್ಕಾರದ ನೋಂದಣಿ ಇಲ್ಲ. ಇನ್ನು ಪ್ಯಾರಿಷ್ ಪುಸ್ತಕವೇ ಗತಿ.

1813ರಿಂದ ಅಚ್ಚು ಹಾಕಿದ ನಮೂನೆ ಬಂತು. ದೀಕ್ಷಾಸ್ನಾನದ ಪುಟ ತೆಗೆದರೆ ಒಂದು ಪುಟಕ್ಕೆ ಎಂಟು ದಾಖಲೆ. ಎಡಗಡೆ ದಿನಾಂಕ, ಆಮೇಲೆ ಮಗುವಿನ ಹೆಸರು, ಅಪ್ಪ ಅಮ್ಮನ ಹೆಸರು, ಅಡ್ಡಹೆಸರು, ವಾಸ, ಅಪ್ಪನ ಕೆಲಸ, ಕೊನೆಗೆ ಪಾದ್ರಿಯ ಸಹಿ. ಬೆಂಗಳೂರಿನ 1884ರ ಕಾಗದವೂ ಹೆಚ್ಚುಕಡಿಮೆ ಇದೇ ನಮೂನೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು. ನಡುವೆ ಎಷ್ಟು ಸಮುದ್ರ ಇದ್ದರೂ ಕಾಲಂಗಳು ಅವೇ. ಅಮ್ಮನ ತವರಿನ ಹೆಸರು ಮಾತ್ರ ಇದರಲ್ಲಿ ಬರುವುದಿಲ್ಲ. ಅದಕ್ಕೆ ಮದುವೆಯ ಪುಸ್ತಕಕ್ಕೆ ಹೋಗಬೇಕು.

ಮದುವೆಯ ಪುಸ್ತಕ ಬೇರೆಯಾಗಿದ್ದು 1754ರ ಮಾರ್ಚ್ 25ರಿಂದ. ಅದಕ್ಕೆ ಮೊದಲು ಗುಟ್ಟಾಗಿ ಆಗುವ ಮದುವೆಗಳು ಬಹಳ ಇದ್ದವು. ಹೊಸ ಕಾನೂನಿನ ಪ್ರಕಾರ ಮೂರು ಭಾನುವಾರ ಚರ್ಚಿನಲ್ಲಿ ಕೂಗಿ ಹೇಳಬೇಕು, ಇಲ್ಲ ಬಿಷಪ್ಪರ ಕಡೆಯಿಂದ ಲೈಸೆನ್ಸ್ ತರಬೇಕು. ಆಮೇಲೆ ಗಂಡು, ಹೆಣ್ಣು, ಸಾಕ್ಷಿಗಳು ಎಲ್ಲರೂ ಸಹಿ ಹಾಕಬೇಕು. ಬರೆಯಲು ಬಾರದವರು ಗುರುತು ಹಾಕುತ್ತಿದ್ದರು. 1809ರ ಒಂದು ಪುಟದಲ್ಲಿ ಆಂಟಿಯ ಹಿರೀಕರು ಸಿಕ್ಕರು. ಗಂಡಿನ ಗುರುತು ಒಂದು ಗೀಟಿನ ಮೇಲೆ ಇನ್ನೊಂದು ಗೀಟು, ಗಟ್ಟಿಯಾಗಿ ಒತ್ತಿ ಎಳೆದದ್ದು. ಶಾಯಿ ಹರಡಿದೆ. ಹೆಣ್ಣಿನ ಕಡೆ ಗುರುತಿಲ್ಲ, ಹೆಸರೇ ಇದೆ. ಅಕ್ಷರ ಒಂದೊಂದೂ ಬಿಡಿಬಿಡಿ, ಕೊನೆಯ ಅಕ್ಷರ ಗೆರೆಯಿಂದ ಕೆಳಗೆ ಜಾರಿದೆ. ಅವಳಿಗೆ ಬರೆಯಲು ಬರುತ್ತಿತ್ತು! ಕೂಲಿ ಮಾಡುವ ಮನೆಗೆ ಬಂದ ಸೊಸೆ, ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದೆ, ಎಲ್ಲೋ ಕಲಿತ ನಾಲ್ಕಕ್ಷರವನ್ನು ಪಾದ್ರಿಯ ಮುಂದೆ ಬರೆದಿದ್ದಾಳೆ. ಅವಳ ಬಗ್ಗೆ ಇನ್ಯಾವ ಪುಸ್ತಕದಲ್ಲೂ ಒಂದು ಪದ ಇಲ್ಲ. ಆಂಟಿ ಆ ಪುಟವನ್ನು ದೊಡ್ಡದು ಮಾಡಿ ಅಚ್ಚು ಹಾಕಿಸಿ ಗೋಡೆಗೆ ಹಾಕಿದ್ದಾರೆ.

ಅದಕ್ಕೂ ಹಿಂದೆ ಹೋದರೆ ನಮೂನೆ ಇಲ್ಲ. ಪಾದ್ರಿಗೆ ತೋಚಿದ ಹಾಗೆ. ಇಂಥವನ ಮಗ ಇಂಥವನು, ಅಷ್ಟೇ. ಎಷ್ಟೋ ಕಡೆ ಅಮ್ಮನ ಹೆಸರೇ ಇಲ್ಲ. ತುಂಬ ಹಳೆಯವು ಲ್ಯಾಟಿನ್‌ನಲ್ಲಿವೆ, ಜಾನ್ ಅಲ್ಲಿ ಯೊಹಾನೆಸ್ ಆಗಿರುತ್ತಾನೆ, ವಿಲಿಯಂ ಗುಲಿಯೆಲ್ಮುಸ್. 1600ರ ಸುಮಾರಿನ ಕೈಬರಹ ನೋಡಿದರೆ ಬೇರೆ ಲಿಪಿಯೇ ಅನ್ನಿಸುತ್ತದೆ. ಹಳೇ ಮೋಡಿ ಲಿಪಿ ಓದಲು ಕಲಿತ ಹಾಗೆ ಅದನ್ನೂ ಕಲಿಯಬೇಕು. ಸಂಘಗಳಲ್ಲಿ ಅದಕ್ಕೆ ತರಗತಿ ನಡೆಸುತ್ತಾರೆ.

ಒಂದೇ ಹೆಸರಿನ ಇಬ್ಬರು

ನಾವು ದೊಡ್ಡ ತಪ್ಪು ಮಾಡುವುದರಲ್ಲಿದ್ದೆವು. 1809ರಲ್ಲಿ ಮದುವೆಯಾದ ಗಂಡಿನ ದೀಕ್ಷಾಸ್ನಾನ ಹುಡುಕಿದಾಗ 1784ರಲ್ಲಿ ಸರಿಯಾಗಿ ಅದೇ ಹೆಸರು ಸಿಕ್ಕಿತು. ಅಪ್ಪ ಅಮ್ಮನ ಹೆಸರೂ ಇತ್ತು. ಖುಷಿಯಲ್ಲಿ ವಂಶವೃಕ್ಷದಲ್ಲಿ ಬರೆದೂ ಆಯಿತು. ಸಂಘದವರೊಬ್ಬರು ಒಂದೇ ಮಾತು ಕೇಳಿದರು, ಹೂತವರ ಪುಸ್ತಕ ನೋಡಿದಿರಾ?

ನೋಡಿದರೆ ಆ ಮಗು ಎಂಟು ತಿಂಗಳಿಗೇ ಹೋಗಿಬಿಟ್ಟಿತ್ತು. ಎರಡು ವರ್ಷದ ನಂತರ ಅದೇ ಅಪ್ಪ ಅಮ್ಮನಿಗೆ ಇನ್ನೊಂದು ಗಂಡು ಮಗು, ಹೋದ ಮಗುವಿನ ಹೆಸರನ್ನೇ ಅದಕ್ಕೂ ಇಟ್ಟಿದ್ದಾರೆ. ಆಗ ಅದು ಸಾಮಾನ್ಯ ರೂಢಿ. ಮದುವೆಯಾದವನು ಈ ಎರಡನೆಯವನು. ಹಾಗಾಗಿ ಯಾರದಾದರೂ ದೀಕ್ಷಾಸ್ನಾನ ಸಿಕ್ಕ ಕೂಡಲೇ ಮುಂದಿನ ಹತ್ತು ವರ್ಷದ ಹೂತವರ ಪಟ್ಟಿ ನೋಡಬೇಕು. ಅದೇ ಊರಲ್ಲಿ ಅದೇ ಹೆಸರಿನ ದಾಯಾದಿ ಇದ್ದನಾ ಅಂತಲೂ ನೋಡಬೇಕು.

ಇನ್ನೊಂದು ಎಚ್ಚರಿಕೆ. ಪಟ್ಟಿ ಅನ್ನುವುದು ದಾರಿ ತೋರಿಸುವ ಫಲಕ ಮಾತ್ರ. ಬರೆದುಕೊಂಡವರು ಎಷ್ಟೇ ಜಾಣರಾದರೂ ಹಳೇ ಅಕ್ಷರದಲ್ಲಿ ಒಂದನ್ನು ಇನ್ನೊಂದು ಅಂದುಕೊಳ್ಳುವುದು ಸಹಜ. ಮೂಲ ಪುಟದ ಚಿತ್ರವನ್ನು ಕಣ್ಣಾರೆ ನೋಡದೆ ಒಪ್ಪಬೇಡಿ. ಅಮೆರಿಕದ ಯೂಟಾದಲ್ಲಿರುವ ಮಾರ್ಮನ್ ಪಂಥದವರು 1938ರಿಂದ ಲೋಕದ ದಾಖಲೆಗಳನ್ನು ಮೈಕ್ರೋಫಿಲ್ಮ್ ಮಾಡುತ್ತಾ ಬಂದಿದ್ದಾರೆ. ಅವರ ಫ್ಯಾಮಿಲಿಸರ್ಚ್ ವೆಬ್‌ಸೈಟಿನಲ್ಲಿ ಅಂಥ ಚಿತ್ರಗಳು ಬಹಳಷ್ಟು ಇವೆ, ದುಡ್ಡು ಕೊಡಬೇಕಿಲ್ಲ. ಯಾತ್ರಿಕರ ವಂಶಾವಳಿ ಬರೆದಿಡುವ ಹರಿದ್ವಾರದ ಪಂಡಾಗಳ ವಹಿಗಳನ್ನೂ ಫಿಲ್ಮ್ ಮಾಡಿಟ್ಟವರು ಇವರೇ.

ಯುಗಾದಿಯಂತೆ ಮಾರ್ಚಿನಲ್ಲಿ ಹೊಸ ವರ್ಷ

1720ರ ಡಿಸೆಂಬರಿನಲ್ಲಿ ಮದುವೆ, 1720ರ ಫೆಬ್ರವರಿಯಲ್ಲಿ ಅವರ ಮನೆಯಲ್ಲಿ ಒಂದು ಸಾವು ಅಂತ ಪುಸ್ತಕದಲ್ಲಿ ಇದ್ದರೆ ಯಾವುದು ಮೊದಲು? ಮದುವೆಯೇ ಮೊದಲು. ಯಾಕೆಂದರೆ 1751ರವರೆಗೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಯುಗಾದಿಗೆ ಸಂವತ್ಸರ ಬದಲಾಯಿಸುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಡಿಸೆಂಬರ್, ಜನವರಿ, ಫೆಬ್ರವರಿ ಮೂರೂ ಒಂದೇ ವರ್ಷದವು. ಈಗಿನ ಲೆಕ್ಕದಲ್ಲಿ ಆ ಫೆಬ್ರವರಿ 1721ರದ್ದು. ಗೊಂದಲ ಬೇಡ ಅಂತ 1720/21 ಅಂತ ಬರೆಯುತ್ತಾರೆ. 1752ರಿಂದ ವರ್ಷ ಜನವರಿ 1ಕ್ಕೆ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್ 2 ಆದ ಮಾರನೇ ದಿನ ಸೆಪ್ಟೆಂಬರ್ 14. ನಡುವಿನ 11 ದಿನ ಯಾವ ಪುಸ್ತಕದಲ್ಲೂ ಇಲ್ಲ.

1640, 50ರ ದಶಕಗಳಲ್ಲೂ ಖಾಲಿ ಪುಟಗಳು ಸಿಗುತ್ತವೆ. ರಾಜನ ಕಡೆಯವರಿಗೂ ಪಾರ್ಲಿಮೆಂಟಿನವರಿಗೂ ಯುದ್ಧ ನಡೆದು, ಎಷ್ಟೋ ಪಾದ್ರಿಗಳನ್ನು ಓಡಿಸಿದ ಕಾಲ ಅದು. 1783ರಿಂದ 1794ರವರೆಗೆ ಒಂದೊಂದು ದಾಖಲೆಗೂ 3 ಪೆನ್ಸ್ ತೆರಿಗೆ ಇತ್ತು, ಕಡುಬಡವರಿಗೆ ಮಾಫಿ. ಹೆಸರಿನ ಪಕ್ಕ ಬಡವ ಅಂತ ಸೂಚಿಸುವ ಒಂದು ಅಕ್ಷರ ಇದ್ದರೆ ಅವರು ನಿಜಕ್ಕೂ ಅಷ್ಟು ಬಡವರು ಅಂತಲೇ ತಿಳಿಯಬೇಕಿಲ್ಲ, ಪಾದ್ರಿ ಕರುಣೆ ತೋರಿಸಿರಲೂಬಹುದು.

ಪುಸ್ತಕದಲ್ಲಿ ಸಿಗದವರು

ಎಲ್ಲರೂ ಇಂಗ್ಲೆಂಡ್ ಚರ್ಚಿಗೆ ಸೇರಿದವರಲ್ಲ. ಬ್ಯಾಪ್ಟಿಸ್ಟರು, ಕ್ವೇಕರರು, ಮೆಥಡಿಸ್ಟರು ಅನ್ನುವ ಬೇರೆ ಕ್ರೈಸ್ತ ಪಂಗಡದವರು ತಮ್ಮದೇ ಪುಸ್ತಕ ಇಟ್ಟರು. 1837ರ ನಂತರ ಅವುಗಳಲ್ಲಿ ಬಹಳಷ್ಟನ್ನು ಲಂಡನ್ನಿಗೆ ತರಿಸಿಕೊಂಡರು, ಈಗ ಕ್ಯೂನಲ್ಲಿವೆ. ಪ್ಯಾರಿಷ್‌ನಲ್ಲಿ ಮದುವೆ ಇದೆ, ಮಕ್ಕಳೇ ಇಲ್ಲ ಅಂತಾದರೆ ಮೊದಲು ಅಲ್ಲಿ ನೋಡಬೇಕು. 1754ರ ಕಾನೂನಿನಿಂದ ಕ್ವೇಕರರಿಗೂ ಯಹೂದಿಗಳಿಗೂ ಮಾತ್ರ ವಿನಾಯಿತಿ ಇತ್ತು, ಉಳಿದವರೆಲ್ಲ ಮದುವೆಗೆ ಪ್ಯಾರಿಷ್ ಚರ್ಚಿಗೇ ಬರಬೇಕಿತ್ತು.

ಬಡವರ ಕಥೆ ಜಾಸ್ತಿ ಸಿಗುವುದು ಚರ್ಚಿನ ಇನ್ನೊಂದು ಪೆಟ್ಟಿಗೆಯಲ್ಲಿ. 1662ರ ಕಾನೂನಿನಂತೆ ಬಡವರನ್ನು ನೋಡಿಕೊಳ್ಳುವುದು ಅವರವರ ಸ್ವಂತ ಪ್ಯಾರಿಷ್‌ನ ಹೊಣೆ. ಬೇರೆ ಊರಿನವನು ಬಂದು ಕೈಚಾಚಿದರೆ ಅವನನ್ನು ಕೂರಿಸಿ, ಎಲ್ಲಿ ಹುಟ್ಟಿದೆ, ಎಲ್ಲೆಲ್ಲಿ ಕೆಲಸ ಮಾಡಿದೆ, ಎಷ್ಟು ಸಂಬಳ ಅಂತ ಕೇಳಿ ಬರೆದುಕೊಂಡು ಅವನ ಊರಿಗೆ ಸಾಗಿಸುತ್ತಿದ್ದರು. ಮದುವೆಯಾಗದ ತಾಯಿಗೆ ಮಗು ಹುಟ್ಟಿದರೆ, ಅಪ್ಪ ಯಾರು ಅಂತ ಕೇಳಿ ಅವನಿಂದ ಖರ್ಚು ವಸೂಲು ಮಾಡುವ ಪತ್ರ ಬರೆಸುತ್ತಿದ್ದರು. ಆ ಹೆಂಗಸಿಗೆ ಅದೆಂಥ ಸಂಕಟದ ಗಳಿಗೆಯೋ. ದೀಕ್ಷಾಸ್ನಾನದ ಪುಸ್ತಕದಲ್ಲಿ ಅಪ್ಪನ ಜಾಗ ಖಾಲಿ ಬಿಟ್ಟಿದ್ದರೂ ಈ ಪತ್ರದಲ್ಲಿ ಹೆಸರು ಸಿಗುತ್ತದೆ. ಇಂಥದ್ದು ಸಿಕ್ಕರೆ ಮನೆಯ ಹಿರಿಯರಿಗೆ ನಿಧಾನವಾಗಿ ಹೇಳಿ.

ನಮ್ಮ ಕಡೆಯ ಪುಸ್ತಕಗಳು

ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗಳಿಗೂ ಇದೇ ದಾರಿ. ಕ್ಯಾಥೊಲಿಕ್ ಚರ್ಚಿನಲ್ಲಿ ಮದುವೆ, ದೀಕ್ಷಾಸ್ನಾನ ಬರೆದಿಡಬೇಕು ಅಂತ ಲೋಕಕ್ಕೆಲ್ಲ ನಿಯಮವಾಗಿದ್ದು 1563ರ ಟ್ರೆಂಟ್ ಸಭೆಯಲ್ಲಿ. ಆದರೆ 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಚರ್ಚುಗಳನ್ನು ಕೆಡವಿದರು, ಉಳಿದವರು ಮರಳಿದ್ದು 1799ರ ನಂತರ. ಅಲ್ಲಿ ಹುಡುಕುವವರು ಈ ಮುರಿದ ಕೊಂಡಿಯನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೊರಡಬೇಕು.

ಉತ್ತರ ಕರ್ನಾಟಕದವರಿಗೆ ಇದನ್ನೆಲ್ಲ ಓದುವಾಗ ಹೆಳವರು ನೆನಪಾಗುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಗಂಟೆ ಬಾರಿಸಿ, ಮನೆ ಮುಂದೆ ನಿಂತು ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕಕ್ಕೆ ಸೇರಿಸಿಕೊಂಡು ಕಾಳು ಪಡೆದು ಹೋಗುವವರು. ಅವರ ಹತ್ತಿರ ಇರುವುದೂ ಇಂಥದ್ದೇ ಸಂಪತ್ತು. ಅದನ್ನೂ ಒಂದು ಸಾಲು ಬಿಡದೆ ಬರೆದಿಡಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಶುರು ಮಾಡುವವರು

ಮೊದಲು ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಈ ವಾರವೇ. ಪೆಟ್ಟಿಗೆಯಲ್ಲಿರುವ ಪ್ರತಿ ಕಾಗದದ ಎರಡೂ ಬದಿಯ ಫೋಟೋ ತೆಗೆದಿಡಿ. ಒಂದೊಂದು ಹೆಸರಿನ ಮುಂದೆ ಅದು ಎಲ್ಲಿಂದ ಬಂತು ಅಂತ ಬರೆಯಿರಿ, ಅಜ್ಜಿ ಹೇಳಿದ್ದೋ, ಪತ್ರದಲ್ಲಿದ್ದದ್ದೋ, ಪುಸ್ತಕದ ಯಾವ ಪುಟವೋ. ಮೂರು ತಿಂಗಳಾದ ಮೇಲೆ ನಿಮಗೇ ನೆನಪಿರುವುದಿಲ್ಲ.

ಸಂಘಕ್ಕೆ ಬರೆಯುವಾಗ ಇಡೀ ಮನೆತನದ ಕಥೆ ಬೇಡ. ಒಬ್ಬರ ಹೆಸರು, ಅಂದಾಜು ವರ್ಷ, ಊರಿನ ಹೆಸರು ಕಾಗದದಲ್ಲಿ ಇದ್ದ ಹಾಗೆಯೇ, ಈಗಾಗಲೇ ಎಲ್ಲೆಲ್ಲಿ ನೋಡಿದ್ದೀರಿ, ಒಂದೇ ಒಂದು ಪ್ರಶ್ನೆ. ಕಾಗುಣಿತ ತಿದ್ದಬೇಡಿ. ನಮ್ಮ ಗಂಟು ಬಿಚ್ಚಿದ್ದೇ ಆ ತಪ್ಪು ಕಾಗುಣಿತದಿಂದ.

ಆಂಟಿಯ ವಂಶವೃಕ್ಷ ಈಗ 1786ಕ್ಕೆ ನಿಂತಿದೆ. ಆ ಮಗುವಿನ ಅಪ್ಪ ಬೇರೆ ಯಾವುದೋ ಊರಿನಿಂದ ಬಂದವನು, ಅವನ ದೀಕ್ಷಾಸ್ನಾನ ಅಲ್ಲಿ ಇಲ್ಲ. ಪಕ್ಕದ ಹಳ್ಳಿಯ ಪುಸ್ತಕವನ್ನು ಸಂಘದವರೊಬ್ಬರು ಈಗ ಬರೆಯುತ್ತಿದ್ದಾರೆ, ಬೇಸಿಗೆ ಹೊತ್ತಿಗೆ ಮುಗಿಯಬಹುದು ಅಂದಿದ್ದಾರೆ. ಅಲ್ಲಿಯವರೆಗೆ ಆಂಟಿ ಮತ್ತು ಮೊಮ್ಮಗಳು ದಿನಾ ಸಂಜೆ ತಗಡಿನ ಪೆಟ್ಟಿಗೆ ತೆಗೆದು ಕೂರುತ್ತಾರೆ. ಆಂಟಿ ಒಂದೊಂದೇ ಫೋಟೋ ಎತ್ತಿ ಹೆಸರು ಹೇಳುತ್ತಾರೆ, ಹುಡುಗಿ ಅದರ ಹಿಂದೆ ಪೆನ್ಸಿಲ್‌ನಲ್ಲಿ, ಒತ್ತದೆ, ಬರೆಯುತ್ತಾಳೆ.